ಹಳೆಯ ಹಿತ್ತಾಳೆಗೆ ಒಂದು ತಿಂಗಳು

ಅರಸೀಕೆರೆಯ ಪೇಟೆಯಲ್ಲಿ ನಮ್ಮದು ಪಾತ್ರೆ ಅಂಗಡಿ. ಅಪ್ಪ ಹೋದ ಮೇಲೆ ಅವರ ಜಾಗದಲ್ಲಿ ನಾನು ಕೂತೆ. ಹೆಣ್ಣುಮಗಳು ಹಿತ್ತಾಳೆ ವ್ಯಾಪಾರ ಏನು ಮಾಡುತ್ತಾಳೆ ಎಂದು ಮೂಗು ಮುರಿದವರೇ ಈಗ ಮಗಳ ಮದುವೆಗೆ ಪಾತ್ರೆ ಕೊಳ್ಳಲು ನನ್ನ ಹತ್ತಿರ ಬರುತ್ತಾರೆ. ಆ ಜಂಬ ನನಗಿದೆ, ಇಲ್ಲವೆನ್ನುವುದಿಲ್ಲ.

ಹೊಸ ಪಾತ್ರೆಯ ಹಿತ್ತಾಳೆ ಎಲ್ಲಿಂದ ಬರುತ್ತದೆಂದು ಅಪ್ಪ ಗಿರಾಕಿಗಳಿಗೆ ಕಥೆಯಂತೆ ಹೇಳುತ್ತಿದ್ದರು. ಪರದೇಶದವರು ಬಿಸಾಡಿದ ನಲ್ಲಿ, ಬೀಗ, ಪೈಪಿನ ಚೂರುಗಳು ಹಡಗಿನಲ್ಲಿ ಬಂದು, ಇಲ್ಲಿ ಕರಗಿ, ದೀಪ, ತಂಬಿಗೆಗಳಾಗುತ್ತವೆ. "ಯಾವ ದೇಶದ ಬಚ್ಚಲ ನಲ್ಲಿಯೋ ಏನೋ, ಈಗ ನಿಮ್ಮ ದೇವರ ಮನೇಲಿ ಕೂತ್ಕಂಡೈತೆ ನೋಡ್ರವ್ವಾ" ಅನ್ನುವರು. ಮಾಲೇಕಲ್ಲು ಬೆಟ್ಟದ ದೇವರಿಗೆ ಹೊರಟ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುವರು. ದೀಪ ಕೊಳ್ಳದೆ ಮಾತ್ರ ಹೋಗುತ್ತಿರಲಿಲ್ಲ. ಅಂಗಡಿಯಲ್ಲಿ ಅಂಥ ನಗೆ ಕೇಳಿ ಎಷ್ಟು ದಿನವಾಯಿತೋ.

ಹಳೆಯ ಪಾತ್ರೆ ಕೊಟ್ಟು ಹೊಸದು ಒಯ್ಯುವುದು ನಮ್ಮ ಕಡೆ ಮೊದಲಿನಿಂದಲೂ ಇದೆ. ಆದರೆ ಹೆಸರು ಹಾಕಿಸಿದ ಪಾತ್ರೆಯನ್ನು ಅಪ್ಪ ಒಂದು ತಿಂಗಳು ಗುಜರಿಗೆ ಕಳಿಸುತ್ತಿರಲಿಲ್ಲ. ಅಟ್ಟದ ಮೇಲೆ ಬೋರಲು ಹಾಕಿಡುವರು. ಯಾಕೆಂದು ನಾನು ಕೇಳಿದರೆ ಹೇಳುವರು:

"ತವರಿನವರು ಕೊಟ್ಟಿದ್ದು ಕಣಮ್ಮ. ಸಿಟ್ಟಲ್ಲಿ ತಂದು ಹಾಕಿರ್ತಾರೆ. ಮನಸ್ಸು ತಿರುಗಿದ್ರೆ ಬತ್ತಾರೆ."

ವರ್ಷಕ್ಕೆ ಒಬ್ಬರೋ ಇಬ್ಬರೋ ಬಂದೇ ಬರುತ್ತಿದ್ದರು. ಅಪ್ಪ ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿ ಕೊಡುತ್ತಿದ್ದರು. ನನಗೆ ಅದೆಲ್ಲ ಸುಮ್ಮನೆ ಜಾಗ ತಿನ್ನುವ ಕೆಲಸವೆನಿಸುತ್ತಿತ್ತು. ಆದರೂ ಅಪ್ಪನ ರೂಢಿಯೆಂದು ನಡೆಸಿಕೊಂಡು ಬಂದಿದ್ದೆ.

ಈಚೆಗೆ ಹೊರಗಿನ ಮಾಲು ಬರುವುದು ಕಡಿಮೆಯಾಯಿತು. ಹಡಗು ತಡ, ಆ ದೇಶದವರೇ ಗುಜರಿ ಉಳಿಸಿಕೊಳ್ಳುತ್ತಿದ್ದಾರೆ, ಉಳಿದದ್ದನ್ನು ಬೇರೆ ದೇಶದವರು ಎತ್ತಿಬಿಡುತ್ತಾರೆ ಎಂದು ನಮಗೆ ಪಾತ್ರೆ ಕೊಡುವ ವ್ಯಾಪಾರಿ ದಿನವೂ ಫೋನಿನಲ್ಲಿ ಪ್ರಾಣ ತಿಂದ. "ಅಕ್ಕಾ, ಹಳೇದು ಎಷ್ಟಿದ್ರೂ ಕಳಿಸಿ, ಇವತ್ತೇ ಲಾರಿ ಐತೆ." ತಿಂಗಳು ತುಂಬದ್ದನ್ನೂ ಸೇರಿಸಿ ಅಟ್ಟ ಪೂರ್ತಿ ಖಾಲಿ ಮಾಡಿಸಿದೆ. ಜಾಗವಾಯಿತಲ್ಲ ಎಂದು ಖುಷಿಯೂ ಆಯಿತು.

ಹತ್ತು ದಿನ ಕಳೆದು ಮಾದಿಹಳ್ಳಿಯ ಹೆಂಗಸೊಬ್ಬಳು ಬಂದಳು. ನೋಡಿದೊಡನೆ ಗುರುತು ಸಿಕ್ಕಿತು. ಅಣ್ಣನ ಜೊತೆ ಜಮೀನಿನ ಜಗಳವಾಡಿಕೊಂಡು, ಮದುವೆಯಲ್ಲಿ ಅವನು ಹೆಸರು ಹಾಕಿಸಿ ಕೊಡಿಸಿದ ಬಿಂದಿಗೆಯನ್ನು ಮೂರು ವಾರದ ಕೆಳಗೆ ತಂದು ನನ್ನ ಮುಂದೆ ಕುಕ್ಕಿ, ಬೇರೆ ಪಾತ್ರೆ ಒಯ್ದಿದ್ದಳು.

"ಬಿಂದಿಗೆ ಐತೇನಕ್ಕಾ? ಅಣ್ಣ ಸೋಮವಾರ ತೀರ್ಕಂಡ. ಮಾತು ಬಿಟ್ಟಿದ್ದೆ ನಾನು."

ವ್ಯಾಪಾರಿಗೆ ಫೋನ್ ಮಾಡಿದೆ. ಕರಗಿಸಿ ಆಗಲೇ ನಾಲ್ಕು ದಿನವಾಗಿತ್ತು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬಿಂದಿಗೆಯನ್ನು ಅವಳ ಮುಂದಿಟ್ಟು, ಅದೇ ಹೆಸರು ಹಾಕಿಸಿ ಕೊಡುತ್ತೇನೆ, ಒಯ್ಯಮ್ಮಾ ಎಂದೆ. ಅವಳು ಅದನ್ನು ಮುಟ್ಟಲಿಲ್ಲ.

"ಈ ಅಂಗಡೀಲಿ ತಿಂಗಳು ಇಟ್ಕಂಡಿರ್ತಾರೆ ಅಂತ ಗೊತ್ತಿದ್ದೇ ಕಣಕ್ಕಾ ಅವತ್ತು ಕೊಟ್ಟಿದ್ದು" ಎಂದಳು. "ಇಲ್ದಿದ್ರೆ ನಮ್ಮಣ್ಣ ಕೊಡಿಸಿದ್ದನ್ನ ನಾನು ಕೊಡ್ತಿದ್ನಾ?"