ಜಗಳೂರಿನಲ್ಲಿ ನಾನು ಆಡಿದ ಮಾತು

ತ್ಯಾವಣಿಗೆಯಲ್ಲಿ ಬೆಳಿಗ್ಗೆ ಏಳೂವರೆಯ ಸರ್ಕಾರಿ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದುಕೊಟ್ಟ. ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನೊಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು.

ಜಗಳೂರಿನ ನನ್ನ ತಂಗಿ ಗೌರಮ್ಮ ಫೋನ್ ಮಾಡಿದ್ದಳು. "ಸುಧಾನ ವಾಪಸ್ ಕಳಿಸಾದೋ ಬ್ಯಾಡ್ವೋ ಅಂತ ಎಲ್ರೂ ಕೂತು ಮಾತಾಡ್ತೀವಿ. ನೀನೂ ಬಾರಕ್ಕ." ಸುಧಾ ಅವಳ ಮೊಮ್ಮಗಳು. ರಷ್ಯಾಕ್ಕೆ ಅಂಟಿಕೊಂಡಿರುವ ಜಾರ್ಜಿಯಾ ದೇಶದಲ್ಲಿ ಡಾಕ್ಟರ್ ಓದುತ್ತಾಳೆ. ಇನ್ನು ಒಂದೇ ವರ್ಷ ಬಾಕಿ. ರಜೆಗೆ ಬಂದಿದ್ದಳು.

ದಾವಣಗೆರೆಯಲ್ಲಿ ಇಳಿದು ಚಹಾ ಕುಡಿದು, ಅರವತ್ತು ರೂಪಾಯಿ ಕೊಟ್ಟು ಜಗಳೂರಿನ ಖಾಸಗಿ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಇಬ್ಬರು ಮೊಬೈಲಿನಲ್ಲಿ ವಾರ್ತೆ ನೋಡುತ್ತಿದ್ದರು. ಯುರೋಪಿನ ದೇಶಗಳ ಸೈನಿಕ ಒಕ್ಕೂಟಕ್ಕೆ ಹೊಸಬರು ಸೇರುತ್ತಿರುವ ಸುದ್ದಿ.

"ಒಕ್ಕೂಟ ದೊಡ್ಡದಾದಂಗೆ ರಷ್ಯಾ ಹೆದರ್ಕಂಡು ಸುಮ್ನಾಗ್ತೈತೆ ನೋಡ್ರಿ" ಎಂದ ಒಬ್ಬ.

"ಹೆದರಿದೋನೇ ಕಣಲೇ ಮೊದ್ಲು ಕೈ ಮಾಡಾದು. ನಿನ್ನ ಹೆಂಡ್ತೀನ ಕೇಳು" ಎಂದ ಪಕ್ಕದ ಸೀಟಿನ ಕಂಬಳಿ ಹೊದ್ದ ಮುದುಕ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಮುದುಕ ಬಿಳಿಚೋಡಿನಲ್ಲಿ ಇಳಿದುಹೋದ. ಅಲ್ಲಿಂದ ಮುಂದೆ ಬಿಸಿಲು ಬಲವಾಯಿತು. ಹೊಲದಲ್ಲಿ ಕುರಿಗಳು ಒಂದರ ನೆರಳಿಗೆ ಒಂದು ತಲೆ ಇಟ್ಟು ನಿಂತಿದ್ದವು.

ಗೌರಮ್ಮನ ಮನೆಯಲ್ಲಿ ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ. ಕೈ ತೊಳೆದ ಮೇಲೆ ಮಾತು ಶುರುವಾಯಿತು. ಸುಧಾಳ ಅಪ್ಪ ಮಂಜಣ್ಣ ಹೈಸ್ಕೂಲು ಮೇಷ್ಟ್ರು. "ಉಕ್ರೇನ್‌ನಾಗೆ ನಮ್ಮ ಹುಡುಗ್ರು ನೆಲಮಾಳಿಗೇಲಿ ಕೂತಿದ್ದು ಮರ್ತೆಯೇನಮ್ಮ?" ಎಂದ ಮಗಳಿಗೆ.

"ಅಪ್ಪ, ಅಲ್ಲೀಗ ಏನೂ ಇಲ್ಲ. ಒಕ್ಕೂಟಕ್ಕೆ ಸೇರ್ತೀವಿ ಅಂತ ಆ ದೇಶದೋರು ಕೇಳಿ ಎಷ್ಟೋ ವರ್ಷ ಆತು, ಇನ್ನೂ ಸೇರಿಸ್ಕಂಡೇ ಇಲ್ಲ. ರಷ್ಯಾಕ್ಕೆ ಸಿಟ್ಟು ಇರಾದು ಸೇರಿದೋರ ಮ್ಯಾಲೆ ತಾನೆ?"

ನಾಲ್ಕು ಜನರ ನಡುವೆ ನಾನು ಬಾಯಿ ಬಿಟ್ಟವಳಲ್ಲ. ಆದರೂ ಬಂದುಬಿಟ್ಟಿತು. "ಸೇರಿದೋರನ್ನ ಮುಟ್ಟಲ್ಲ ಮಗಾ. ಸೇರ್ತೀನಿ ಅಂತ ಬಾಗಿಲಾಗೆ ನಿಂತಿರ್ತಾರಲ್ಲ, ಅವ್ರನ್ನ ಮುಟ್ಟಾದು."

ಎಲ್ಲರೂ ನನ್ನ ಕಡೆ ತಿರುಗಿದರು. ಸೆರಗು ಹಿಡಿದುಕೊಂಡೇ ಹೇಳಿದೆ. ನಮ್ಮ ಕಾಲುವೆಯ ಮೇಲ್ಭಾಗದ ದೊಡ್ಡ ಊರು ತನಗೆ ಬೇಕಾದಷ್ಟು ನೀರು ಹಿಡಿಯುತ್ತಿತ್ತು. ಕೆಳಗಿನ ಊರುಗಳು ಸರದಿ ಕೇಳಲು ಸಂಘ ಕಟ್ಟಿಕೊಂಡವು. ಒಂದೊಂದೇ ಊರು ಸೇರಿತು. ದೊಡ್ಡ ಊರಿನ ಮಗ್ಗುಲಲ್ಲೇ ಇದ್ದ ಸಣ್ಣ ಊರೂ ಬರುತ್ತೇನೆಂದಿತು. ಬರುವ ತಿಂಗಳ ಸಭೆಯಲ್ಲಿ ಸೇರಿಸಿಕೊಳ್ಳೋಣ ಎಂದರು. ಸಭೆಗೆ ಒಂದು ವಾರ ಇರುವಾಗ ದೊಡ್ಡ ಊರಿನವರು ಬಂದು ಆ ಊರಿನ ತೂಬಿಗೆ ಕಲ್ಲು, ಮಣ್ಣು ತುಂಬಿ ನೀರು ನಿಲ್ಲಿಸಿದರು. ನಾಟಿ ಮಾಡಿದ ಭತ್ತ ಒಣಗಿತು.

"ಸಂಘದೋರು ಯಾಕೆ ಹೋಗ್ಲಿಲ್ಲ ದೊಡ್ಡಜ್ಜಿ?" ಎಂದಳು ಸುಧಾ.

"ಅವ್ರು ಇನ್ನೂ ನಮ್ಮ ಸಂಘದೋರಲ್ಲ ಅಂದ್ರು. ಹಂಗಂದೋರು ನಿಮ್ಮ ದೊಡ್ಡಜ್ಜ. ಸಂಘದ ಕಾರ್ಯದರ್ಶಿ ಆಗಿದ್ರು."

ಮಕ್ಕಳೇ, ನಿಮ್ಮ ಅಜ್ಜನ ಈ ಮಾತನ್ನು ನಿಮಗೂ ಈವರೆಗೆ ಹೇಳಿರಲಿಲ್ಲ. ಮಂಜಣ್ಣ ಎದ್ದು ನಿಂತ. "ಆತು ಬಿಡ್ರಿ. ಸುಧಾ ಹೋಗಾದು ಬ್ಯಾಡ."

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ನನ್ನ ಚೀಲ ಹಿಡಿದು ಬಂದವಳು ಸುಧಾಳೇ. ನಾನು ಕಿಟಕಿಯ ಹತ್ತಿರ ಕೂತ ಮೇಲೆ ಕೇಳಿದಳು: "ಆ ಊರಿಗೆ ಆಮೇಲೆ ನೀರು ಬಂತಾ?"

"ಎಲ್ಡು ಬೆಳೆ ಹೋದ ಮ್ಯಾಲೆ ಬಂತು."

"ಅಲ್ಲೀಗಂಟ ಜನ ಊರು ಬಿಟ್ರಾ?"

"ಇಲ್ಲ ಮಗಾ. ಅಲ್ಲೇ ಇದ್ರು."

"ನನ್ನ ರೂಮಿನ ಹುಡುಗಿ ಆ ದೇಶದೋಳೇ. ಅವ್ಳೂ ಅಲ್ಲೇ ಇರ್ತಾಳೆ" ಎಂದಳು.

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೂ ಅವಳ ಮುಖ ನೋಡಲಾಗಲಿಲ್ಲ. ಬಸ್ಸು ಹೊರಟಾಗ ತಿರುಗಿ ನೋಡಿದೆ. ಅವಳು ಗೋಡೆಯ ಕಡೆ ಮುಖ ಮಾಡಿ, ಫೋನು ಕಿವಿಗಿಟ್ಟುಕೊಂಡು, ನನಗೆ ತಿಳಿಯದ ಭಾಷೆಯಲ್ಲಿ ಮೆಲ್ಲಗೆ ಮಾತನಾಡುತ್ತಿದ್ದಳು.