ಕೊಬ್ಬರಿ ಮೇಲಿನ ಹೊಟ್ಟೆಕಿಚ್ಚು

ಕೊಬ್ಬರಿ ನೋಡಿ ಹೊಟ್ಟೆ ಉರಿಸಿಕೊಂಡ ಮುದುಕಿ ಈ ತಿಪಟೂರು ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಮೊನ್ನೆ ಹೊನ್ನವಳ್ಳಿಯಿಂದ ಮಗನ ಜೊತೆ ಗೂಡ್ಸ್ ಆಟೋದಲ್ಲಿ ತಿಪಟೂರಿಗೆ ಹೋಗಿದ್ದೆ. ಅವನು ಕೊಬ್ಬರಿ ಮೂಟೆಗಳನ್ನು ಸರ್ಕಾರದ ಖರೀದಿ ಕೇಂದ್ರಕ್ಕೆ ಹಾಕಬೇಕಿತ್ತು. ನಾನು ಎದುರಿನ ಕಚೇರಿಯಲ್ಲಿ, ನಿಂತುಹೋದ ನನ್ನ ವೃದ್ಧಾಪ್ಯ ಪಿಂಚಣಿ ವಿಚಾರಿಸಬೇಕಿತ್ತು.

ನಮ್ಮ ಮುದುಕರ ಸಾಲು ಬಿಸಿಲಲ್ಲಿತ್ತು, ಕೂರಲು ಒಂದು ಬೆಂಚೂ ಇರಲಿಲ್ಲ. ಎದುರಿಗೆ ಕೊಬ್ಬರಿ ಮಾತ್ರ ಶೀಟಿನ ಸೂರಿನ ಕೆಳಗೆ, ನೆಲದ ಥಂಡಿ ತಾಗದಂತೆ ಹಲಗೆ ಹಾಸಿಸಿಕೊಂಡು ಆರಾಮಾಗಿ ಕೂತಿತ್ತು. ವರ್ಷವೆಲ್ಲ ನಮ್ಮ ಅಟ್ಟದ ಮೇಲೆ ಮಲಗಿದ್ದ ಕಾಯಿ ಅದು. ಒಳಗಿನ ನೀರು ಇಂಗಿತೋ ಇಲ್ಲವೋ ಎಂದು ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದವಳು ನಾನೇ. ಒಣಗಿದಷ್ಟೂ ಅದಕ್ಕೆ ಮರ್ಯಾದೆ, ಮೇಲೆ ಸರ್ಕಾರದ ಬೆಂಬಲ ಬೆಲೆ ಬೇರೆ. ನಾನೂ ಒಣಗಿದ್ದೇನಲ್ಲ!

ತಡೆಯಲಾರದೆ ಹೋಗಿ ಒಂದು ಮೂಟೆಗೆ ಒರಗಿದೆ.

“ಅಲ್ಲಿ ಒರಗಬ್ಯಾಡ ಕಣಜ್ಜಿ, ಬೆವರು ತಾಗಿದ್ರೆ ಬೂಷ್ಟು ಹಿಡೀತದೆ,” ಅಂದ ಕಾವಲುಗಾರ. ನಮ್ಮ ಮನೆ ಕೊಬ್ಬರಿನೇ ಕಣಪ್ಪ ಅಂದರೂ ಬಿಡಲಿಲ್ಲ. ಮತ್ತೆ ಬಿಸಿಲಿಗೆ ಬಂದು ನಿಂತೆ.

ತೂಕಕ್ಕೆ ಕಾಯುತ್ತಿದ್ದ ಮಗ ನನ್ನ ಬಾಡಿದ ಮುಖ ನೋಡಿ ಆ ಕಡೆಯಿಂದಲೇ ಕೂಗಿದ:

“ಯೋಚ್ನೆ ಮಾಡಬ್ಯಾಡ ಕಣವ್ವ, ಕೊಬ್ಬರಿ ನೆರಳಲ್ಲೈತೆ!”