ಹುಲಿಗೇಶನ ಮಗಳ ಒಂದೇ ಸೀಟಿನ ಕಾರು

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ ಟ್ರ್ಯಾಕ್ಟರ್ ರಿಪೇರಿಯ ಹುಲಿಗೇಶ ಯಾರಿಗೆ ಗೊತ್ತಿಲ್ಲ? ಗದ್ದೆಗಿಳಿಯುವ ಕಬ್ಬಿಣದ ಚಕ್ರಗಳಿಗೆ ವೆಲ್ಡಿಂಗ್ ಮಾಡುವುದರಲ್ಲಿ ಪಳಗಿದ ಕೈ. ಬಾಯಲ್ಲಿ ಮಾತ್ರ ಸದಾ ಒಂದೇ ಉಪದೇಶ. ಹೊಸ ಟ್ರ್ಯಾಕ್ಟರ್ ತಂದವರು ಸಿಕ್ಕರೆ ಸಾಕು, "ಪಲ್ಟಿ ಆಗಾಕತ್ತಿತು ಅಂದ್ರ ಸ್ಟೇರಿಂಗ್ ಬಿಟ್ಟು ಜಿಗೀರಿ" ಎನ್ನುತ್ತಾನೆ. ಕೇಳಿ ಕೇಳಿ ಬೇಸತ್ತವರು ಹೂಂ ಅಂದು ಹೋಗುತ್ತಾರೆ.

ಆ ಉಪದೇಶ ಪುಕ್ಕಟೆ ಬಂದದ್ದಲ್ಲ. ವಳಕಮದಿನ್ನಿ ಹತ್ತಿರ ಕಾಲುವೆ ದಂಡೆ ಕುಸಿದಾಗ ಟ್ರ್ಯಾಕ್ಟರ್ ಓಡಿಸುತ್ತಿದ್ದವನು ತಮ್ಮ ಆದೆಪ್ಪ. ಮಡ್‌ಗಾರ್ಡಿನ ಮೇಲೆ ಕೂತಿದ್ದ ಹುಲಿಗೇಶ ಜಿಗಿದು ಬದುಕಿದ. ಆದೆಪ್ಪ ಕೆಳಗೆ ಸಿಕ್ಕಿ ಸತ್ತ. ಮುಂದೆ ಮಗಳು ಜ್ಯೋತಿಗೆ ಟ್ರ್ಯಾಕ್ಟರ್ ಕಲಿಸುವಾಗಲೂ ಹುಲಿಗೇಶ ಅದೇ ಮಡ್‌ಗಾರ್ಡಿನ ಮೇಲೆ ಕೂತು, ಅವಳ ರಟ್ಟೆಗೆ ಕೈ ಚಾಚಿಕೊಂಡೇ ಇರುತ್ತಿದ್ದ.

ಈಗ ಆ ಮಗಳು ಇಂಜಿನಿಯರಿಂಗ್ ಓದುತ್ತಾಳೆ. ಕಾಲೇಜಿನವರೆಲ್ಲ ಸೇರಿ ಕಟ್ಟಿದ ರೇಸಿನ ಕಾರಿಗೆ ಅವಳೇ ಚಾಲಕಿ. ಆ ಕಾರಿನ ಹಿಂದಿನ ಚರಿತ್ರೆ ಹೇಳಿಕೊಳ್ಳುವಂಥದ್ದಲ್ಲ. ಮೊದಲ ವರ್ಷ ಬ್ರೇಕ್ ಒತ್ತಿದರೆ ಒಂದು ಗಾಲಿ ನಿಲ್ಲದೆ ಉರುಳಿತೆಂದು ರೇಸಿನವರು ಟ್ರ್ಯಾಕಿಗೇ ಬಿಡಲಿಲ್ಲ. ಮರುವರ್ಷ ಬಿಟ್ಟರು, ಅರ್ಧ ದಾರಿಯಲ್ಲಿ ಚೈನು ಹರಿದು ತಳ್ಳಿಕೊಂಡು ಬಂದರು. ಈ ಸಲ ಲಿಂಗಸುಗೂರಿನ ಹುಡುಗ ವೀರೇಶ ಕಾರಿನ ನಕ್ಷೆಯನ್ನೇ ಹೊಸದಾಗಿ ಬರೆದ. ಬೈಕಿನ ಇಂಜಿನ್ನು ಬೆನ್ನ ಹಿಂದೆ, ಸೀಟು ನೆಲಕ್ಕೆ ತಾಗುವಷ್ಟು ತಗ್ಗು, ತಲೆಯ ಹಿಂದೆ ಹೆಲ್ಮೆಟ್ಟಿಗಿಂತ ಎತ್ತರದ ಪೈಪಿನ ಕಮಾನು. ಸೀಟು ಜ್ಯೋತಿಯ ಮೈ ಅಳತೆಗೆ ಕೂರಿಸಿದ್ದು. ಹೆಗಲಿಗೆ, ಸೊಂಟಕ್ಕೆ, ತೊಡೆಗೆ ಬೆಲ್ಟು.

ಕೊನೆಯ ತಯಾರಿಗೆ ಕಾರನ್ನು ಹುಲಿಗೇಶನ ಅಂಗಡಿಗೇ ತಂದರು. ಅವನು ಸುತ್ತು ಹಾಕಿ ನೋಡಿದ. ಪಕ್ಕದಲ್ಲಿ ಅಪ್ಪ ಕೂಡಲು ಜಾಗವಿಲ್ಲ. ಕೂತವಳನ್ನು ಮೂಟೆಯ ಹಾಗೆ ಬಿಗಿದು ಕಟ್ಟುತ್ತಾರೆ. ಇದರಲ್ಲಿ ಜಿಗಿಯುವುದು ಹೇಗೆ? ಅಂದಿನಿಂದ ಊಟ ಸೇರಲಿಲ್ಲ. ರೊಟ್ಟಿ ಮುಂದಿಟ್ಟುಕೊಂಡು ಕೂತವನನ್ನು ಹೆಂಡತಿ ಯಮನೂರಮ್ಮ, "ರೇಸ್ ನಿಂದೋ, ಆಕಿದೋ?" ಎಂದು ಕೆಣಕಿದಳು. ಒಂದು ದಿನ ಹುಡುಗರು ಚಹಾಕ್ಕೆ ಹೋದ ಹೊತ್ತು ನೋಡಿ ಹುಲಿಗೇಶ ಹೆಗಲಿನ ಬೆಲ್ಟುಗಳನ್ನು ಸಡಿಲು ಮಾಡಿಬಿಟ್ಟ. ಮಗಳು ನುಸುಳಿಕೊಂಡು ಜಿಗಿಯಲಿ ಎಂಬ ಆಸೆ, ಅಷ್ಟೆ.

ಹುಡುಗರು ಮರಳಿ ಬಂದವರೇ ಜ್ಯೋತಿಯನ್ನು ಕೂರಿಸಿ, ಬೆಲ್ಟು ಎಳೆದು ನೋಡದೆಯೇ ಬಕಲ್ ಹಾಕಿದರು. ಚಾಲಕರನ್ನು ಕೂರಿಸಿಯೇ ಕಾರನ್ನು ಪಕ್ಕಕ್ಕೆ ವಾಲಿಸಿ ನೋಡುವ ಪರೀಕ್ಷೆಯೊಂದು ರೇಸಿನಲ್ಲಿ ಇರುತ್ತದಂತೆ. ಅದನ್ನೇ ಇಲ್ಲಿ ಭಾರ ಎತ್ತುವ ಚೈನ್ ಪುಲ್ಲಿ ಹಾಕಿ ಮಾಡಿದರು. ಕಾರು ಮೆಲ್ಲಗೆ ವಾಲಿತು. ಜ್ಯೋತಿಯ ಹೆಗಲು ಬೆಲ್ಟಿನಿಂದ ಜಾರಿತು, ಹೆಲ್ಮೆಟ್ಟು ಕಮಾನಿನಿಂದ ಆಚೆ ನೇತಾಡಿತು. ಕಾರು ನಿಜವಾಗಿ ಮಗುಚಿದ್ದರೆ ನೆಲಕ್ಕೆ ಮೊದಲು ಬಡಿಯುತ್ತಿದ್ದದ್ದು ಆ ತಲೆ.

ಕಾರನ್ನು ಇಳಿಸಿದ ಮೇಲೆ ಜ್ಯೋತಿ ಬೆಲ್ಟು ಹಿಡಿದು ಕೇಳಿದಳು. "ಇದನ್ನ ಯಾರ್ ಸಡ್ಲ ಮಾಡ್ಯಾರ?"

"ನಾನ ಮಾಡೀನಿ," ಎಂದ ಹುಲಿಗೇಶ. "ಪಲ್ಟಿ ಆದ್ರ ಜಿಗಿಯಾಕ ಬರ್ಲಿ ಅಂತ."

ಜ್ಯೋತಿ ತಲೆಯ ಹಿಂದಿನ ಪೈಪಿನ ಕಮಾನು ತಟ್ಟಿದಳು. "ಟ್ರ್ಯಾಕ್ಟರಿಗೆ ಇದು ಎಲ್ಲೈತಪ್ಪಾ? ಪಲ್ಟಿ ಆದ್ರ ಭಾರ ಇದು ಹೊರತೈತಿ, ಇದರಾಗ ಒಳಗಿದ್ದವರ ಉಳಿತಾರ. ನೀನ ಬಿಗಿ, ಬಾ."

ಹುಲಿಗೇಶ ಬೆಲ್ಟು ಎಳೆದು ಬಿಗಿದ. ತಪ್ಪು ತಿಳಿದಿತ್ತು, ಭಯ ಮಾತ್ರ ಹೋಗಿರಲಿಲ್ಲ.

ಕೊಯಮತ್ತೂರಿನ ಟ್ರ್ಯಾಕಿನಲ್ಲೂ ಬೆಲ್ಟು ಬಿಗಿದವನು ಅವನೇ. ಆಮೇಲೆ ಪ್ರೇಕ್ಷಕರ ಮೆಟ್ಟಿಲ ಮೇಲೆ ಕೂತು, ಕಾರು ಎದುರಿಗೆ ಬಂದಾಗಲೆಲ್ಲ ಎದ್ದು ನಿಂತ. ಅರ್ಧ ಓಟ ಮುಗಿಯಿತು, ಈ ಸಲ ಚೈನು ಹರಿಯಲಿಲ್ಲ. ಇನ್ನೇನು ಮುಗಿಯಿತು ಅನ್ನುವಾಗ ತಿರುವಿನಲ್ಲಿ ಕಾರು ಗಿರ್ರನೆ ತಿರುಗಿತು. ಒಂದು ಕಡೆಯ ಗಾಲಿಗಳು ನೆಲ ಬಿಟ್ಟವು. ಧೂಳಿನಲ್ಲಿ ಏನೂ ಕಾಣಲಿಲ್ಲ.

ಧೂಳು ಕರಗಿದಾಗ ಕಾರು ಹಿಮ್ಮುಖವಾಗಿ ನಿಂತಿತ್ತು. ಹೆಲ್ಮೆಟ್ಟು ಕಮಾನಿನ ಒಳಗೇ ಇತ್ತು. ಆಫ್ ಆಗಿದ್ದ ಇಂಜಿನ್ನು ಮತ್ತೆ ಗುರುಗುಟ್ಟಿತು. ನಿಧಾನವಾಗಿಯೇ ಆದರೂ ಕಾರು ಕೊನೆಯ ಗೆರೆ ದಾಟಿತು. ಕಾಲೇಜಿನ ಕಾರು ಓಟ ಮುಗಿಸಿದ್ದು ಅದೇ ಮೊದಲು. ಹುಡುಗರು ಕುಣಿಯತೊಡಗಿದರು.

ಇಳಿದು ಬಂದ ಜ್ಯೋತಿಗೆ ಅಪ್ಪ ಕಂಡದ್ದು ಟ್ರ್ಯಾಕಿನ ಬೇಲಿಯ ಬುಡದಲ್ಲಿ. ಪ್ಯಾಂಟು ಹರಿದಿತ್ತು, ಮೊಣಕಾಲಿನಲ್ಲಿ ರಕ್ತ.

"ಇದೇನಪ್ಪಾ?"

"ಆ ಮೆಟ್ಟಿಲ ಮ್ಯಾಲಿಂದ ಜಿಗದೆ."

"ಯಾಕ? ಬೆಲ್ಟು ನೀನ ಬಿಗಿದಿದ್ದಿಯಲ್ಲ?"

"ಅವತ್ತ ಆದೆಪ್ಪನ್ನ ಬಿಟ್ಟು ಆ ಕಡೆ ಜಿಗದಿದ್ದೆನವಾ," ಎಂದ ಹುಲಿಗೇಶ. "ಇವತ್ತ ನಿನ್ನ ಕಡೆ ಜಿಗದೀನಿ."

ಜ್ಯೋತಿ ಹೆಲ್ಮೆಟ್ಟನ್ನು ಅವನ ಕೈಗೆ ಕೊಟ್ಟು, ನೆಲಕ್ಕೆ ಕೂತು, ಅವನ ಮೊಣಕಾಲಿನ ಮಣ್ಣು ಒರೆಸಿದಳು.